ಕಾಮಾಲೆಗೆ ಮನೆಮದ್ದು, ಶೀತಕ್ಕೆ ಸ್ಪೆಷಲಿಸ್ಟ್

ನಮ್ಮ ಉಡುಪಿ-ಮಂಗಳೂರು ಕಡೆಯವರಿಗೆ ಆಸ್ಪತ್ರೆ ಹೊಸತಲ್ಲ. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಆಲದ ಮರದಡಿ ಕೂತು ಹೋಮಿಯೋಪತಿ ಮದ್ದು ಕೊಡಲು ಶುರುಮಾಡಿದ್ದು 1880ರಲ್ಲಿ. ಮಣಿಪಾಲದ ಬೋಳು ಗುಡ್ಡಕ್ಕೆ ಮೆಡಿಕಲ್ ಕಾಲೇಜು ಬಂದದ್ದು 1953ರಲ್ಲಿ. ಈಗಂತೂ ಯಾವ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೂ ಎದುರಿಗೆ ಒಂದು ಮೆಡಿಕಲ್ ಶಾಪ್. ಇಷ್ಟೆಲ್ಲಾ ಇದ್ದೂ, ಯಾವ ಕಾಯಿಲೆಯನ್ನು ಮನೆಯಲ್ಲೇ ನೋಡಿಕೊಳ್ಳಬೇಕು, ಯಾವುದಕ್ಕೆ ಕೂಡಲೇ ಹೊರಡಬೇಕು ಅನ್ನುವುದು ನಮಗೆ ಉಲ್ಟಾ ಆಗಿಬಿಟ್ಟಿದೆ. ಮಗುವಿನ ಮೂಗು ಸೋರಿದರೆ ಸ್ಪೆಷಲಿಸ್ಟ್ ಹತ್ತಿರ ಟೋಕನ್. ಅಜ್ಜನ ಕಣ್ಣು ಹಳದಿಯಾದರೆ ಕಾಮಾಲೆ ಮದ್ದು ಕೊಡುವವರ ಮನೆ ಎಲ್ಲಿ ಅಂತ ಹುಡುಕಾಟ.

ಮನೆಮದ್ದನ್ನು ಬೈಯಲಿಕ್ಕೆ ಇದನ್ನು ಬರೆಯುತ್ತಿಲ್ಲ ಮಾರಾಯ್ರೇ. ಕೊತ್ತಂಬರಿ-ಜೀರಿಗೆ ಕಷಾಯ ಕುಡಿದು ಬೆಳೆದವಳು ನಾನು. ಶೀತ ಬಂದರೆ ಈಗಲೂ ಕಾಳುಮೆಣಸು, ಶುಂಠಿ, ಬೆಲ್ಲ ಹಾಕಿ ಕುದಿಸುತ್ತೇನೆ. ಶೀತದ ವೈರಸ್ಸನ್ನು ಅದು ಕೊಲ್ಲುವುದಿಲ್ಲ, ನಿಜ. ಆದರೆ ಆ್ಯಂಟಿಬಯಾಟಿಕ್ ಕೂಡ ಕೊಲ್ಲುವುದಿಲ್ಲ. ಹೆಚ್ಚಿನ ಶೀತ ಒಂದು ವಾರ, ಹತ್ತು ದಿನದಲ್ಲಿ ತಾನಾಗಿಯೇ ಹೋಗುತ್ತದೆ. ಹಾಗಿರುವಾಗ ಕಷಾಯವೇ ವಾಸಿ ಅಲ್ವಾ? ವರ್ಷ ದಾಟಿದ ಮಕ್ಕಳ ಕೆಮ್ಮಿಗೆ ಮಲಗುವ ಮುಂಚೆ ಒಂದು ಚಮಚ ಜೇನು ಕೊಟ್ಟರೆ ಒಳ್ಳೆಯದೇ. ಒಂದು ವರ್ಷದ ಒಳಗಿನ ಮಗುವಿಗೆ ಮಾತ್ರ ಜೇನು ಬೇಡವೇ ಬೇಡ. ಬಾಟುಲಿಸಂ ಅನ್ನುವ ಅಪಾಯದ ಕಾಯಿಲೆ ಬರಬಹುದು. ತೊಟ್ಟಿಲು ಶಾಸ್ತ್ರದ ದಿನ ನಾಲಗೆಗೆ ಜೇನು ಮುಟ್ಟಿಸುವವರು ಇನ್ನೂ ಇದ್ದಾರೆ, ಅದಕ್ಕೆ ಹೇಳಿದೆ. ಮಕ್ಕಳ ಮುಂದೆ ಕುದಿನೀರಿನ ಪಾತ್ರೆ ಇಟ್ಟು ಹಬೆ ಕೊಡುವುದೂ ಬೇಡ. ಪಾತ್ರೆ ಮಗುಚಿದರೆ ಶೀತ ಹೋಗಿ ಸುಟ್ಟಗಾಯ.

ತುಳುವರ ಆಟಿ ತಿಂಗಳ ಅಮಾವಾಸ್ಯೆಗೆ ಕುಡಿಯುವ ಪಾಲೆ ಮರದ ತೊಗಟೆಯ ಕಷಾಯ? ಅದನ್ನೂ ಕುಡಿಯುತ್ತೇನೆ, ಮುಖ ಕಿವುಚಿಕೊಂಡು. ಮೇಲಿಂದ ಮೆಂತೆ ಗಂಜಿ ಸಿಗುತ್ತದಲ್ಲ! ಆದರೆ ಕತ್ತಲಲ್ಲೇ ಹೋಗಿ ಕಲ್ಲಿನಿಂದ ಜಜ್ಜಿ ತೊಗಟೆ ತರುವವರಿಗೆ ಮರದ ಗುರುತು ಸರಿಯಾಗಿ ಗೊತ್ತಿರಬೇಕು. ಪಾಲೆಯ ಬದಲು ಕಾಸರಕದ ತೊಗಟೆ ಬಂದರೆ ಅದು ಶುದ್ಧ ವಿಷ. ಹಿಂದಿನ ದಿನ ಹಗಲಲ್ಲೇ ಗೊತ್ತಿದ್ದವರನ್ನು ಕರಕೊಂಡು ಹೋಗಿ ಮರ ನೋಡಿಟ್ಟು ಬನ್ನಿ.

ಈಗ ಕಾಮಾಲೆ. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲೇ.

ಕಾಮಾಲೆಗೆ ಕಾರಣ ಹೆಪಟೈಟಿಸ್ ಎ ವೈರಸ್ ಆಗಿದ್ದರೆ, ಹೆಚ್ಚಿನವರು ಕೆಲವು ವಾರಗಳಲ್ಲಿ ತಾವಾಗಿಯೇ ಗುಣವಾಗುತ್ತಾರೆ. ಅದಕ್ಕೆ ಬೇರೆ ಔಷಧಿಯೇ ಬೇಕಾಗಿಲ್ಲ. ವಿಶ್ರಾಂತಿ, ಸೇರಿದಷ್ಟು ಊಟ, ಕುಡಿತ ಪೂರ್ತಿ ಬಂದ್, ಡಾಕ್ಟರನ್ನು ಕೇಳದೆ ಯಾವ ಮಾತ್ರೆಯೂ ಇಲ್ಲ. ಲಿವರ್ ತನ್ನನ್ನು ತಾನೇ ಸರಿ ಮಾಡಿಕೊಳ್ಳುತ್ತದೆ. ಆ ವಾರಗಳಲ್ಲಿ ನೆಲನೆಲ್ಲಿ ಅರೆದು ಕೊಟ್ಟವರಿಗೆ ಒಳ್ಳೆಯ ಹೆಸರು ಬರುತ್ತದೆ. ಬರಲಿ, ನನಗೇನು ಹೊಟ್ಟೆಕಿಚ್ಚಿಲ್ಲ. ಆದರೆ ಕಣ್ಣು ಹಳದಿ ಆಗುವುದಕ್ಕೆ ಅದೊಂದೇ ಕಾರಣ ಅಲ್ಲ. ಪಿತ್ತನಾಳಕ್ಕೆ ಕಲ್ಲು ಅಡ್ಡ ಬಂದರೂ ಹಳದಿ. ಹೆಪಟೈಟಿಸ್ ಬಿ ಆದರೂ ಹಳದಿ. ಜೋರಾದ ಮಲೇರಿಯಾದಲ್ಲೂ ಹಳದಿ. ಮಳೆಗಾಲದಲ್ಲಿ ನಮ್ಮಲ್ಲಿ ಬರುವ ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಅದರಲ್ಲೂ ಹಳದಿ.

ಇಲಿ ಜ್ವರ ಹೆಸರಿಗೆ ಇಲಿಯದ್ದು, ಬರುವುದು ನೀರಿನಿಂದ. ಇಲಿಯ ಮೂತ್ರ ಗದ್ದೆಯ, ತೋಡಿನ, ತೋಟದ ನೀರಿಗೆ ಸೇರುತ್ತದೆ. ಹಿಮ್ಮಡಿಯ ಬಿರುಕಿನಿಂದಲೋ ಕೈಯ ಗೀರಿನಿಂದಲೋ ರೋಗಾಣು ಒಳಗೆ ಹೋಗುತ್ತದೆ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಜ್ವರ ಶುರು. ತಲೆನೋವು, ಕೆಂಪು ಕಣ್ಣು, ಮೈಕೈ ನೋವು. ಮೀನಖಂಡ ಮುಟ್ಟಿದರೆ ಜೀವ ಹೋಗುವಷ್ಟು ನೋವು. ಈ ಹಂತದಲ್ಲಿ ಡಾಕ್ಟರ ಹತ್ತಿರ ಹೋದರೆ ಡಾಕ್ಸಿಸೈಕ್ಲಿನ್‌ನಂಥ ಸಾಧಾರಣ ಆ್ಯಂಟಿಬಯಾಟಿಕ್‌ನಲ್ಲೇ ಹೆಚ್ಚಿನವರಿಗೆ ವಾಸಿಯಾಗುತ್ತದೆ. ತಡ ಮಾಡಿದರೆ ಕಣ್ಣು ಹಳದಿ, ಮೂತ್ರ ಕಡಿಮೆ, ಕಿಡ್ನಿಗೆ ಪೆಟ್ಟು.

ನಮ್ಮ ನೆರೆಯ ಒಬ್ಬರು ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಟ್ಟು ಮುಗಿಸಿದ ಮೇಲೆ ಜ್ವರ ಬಂದು ಮಲಗಿದರು. ಕಣ್ಣು ಹಳದಿಯಾದ ಕೂಡಲೇ ಮನೆಯವರು ಮದ್ದು ತಂದು ಪಥ್ಯ ಶುರುಮಾಡಿದರು. ಎಣ್ಣೆ ಇಲ್ಲ, ಮೀನಿಲ್ಲ. ಪಥ್ಯ ಎಷ್ಟು ಕಟ್ಟುನಿಟ್ಟು ಅಂದರೆ, ಎಷ್ಟು ಹೊತ್ತಿನಿಂದ ಮೂತ್ರ ಹೋಗಿಲ್ಲ ಅಂತ ಯಾರೂ ಗಮನಿಸಲೇ ಇಲ್ಲ. ಕೊನೆಗೆ ಡಯಾಲಿಸಿಸ್ ಆಗಬೇಕಾಯಿತು. ಬದುಕಿ ಬಂದರು, ಪುಣ್ಯ. ಈಗ ಯಾರಿಗಾದರೂ ಕಣ್ಣು ಹಳದಿಯಾದರೆ ಅವರೇ ಮೊದಲು ಬೈಯುವುದು, "ಮದ್ದು ಆಮೇಲೆ, ಮೊದಲು ರಕ್ತ ಕೊಟ್ಟು ಬಾ" ಅಂತ.

ಒಂದು ಸುಳಿವು ಹೇಳುತ್ತೇನೆ. ಹೆಪಟೈಟಿಸ್ ಎ ಆದರೆ ಸಾಮಾನ್ಯವಾಗಿ ಕಣ್ಣು ಹಳದಿಯಾಗುವ ಹೊತ್ತಿಗೆ ಜ್ವರ ಬಿಟ್ಟಿರುತ್ತದೆ. ಹಳದಿಯೂ ಇದೆ, ಜ್ವರವೂ ಇದೆ ಅಂದರೆ ಒಂದು ದಿನವೂ ಕಾಯಬೇಡಿ. ಜ್ವರ ಇಲ್ಲದಿದ್ದರೂ ಪರೀಕ್ಷೆ ಬೇಕೇ ಬೇಕು. ಯಾವ ಹಳದಿ ಅಂತ ಮನೆಯಲ್ಲಿ ಕೂತು ಹೇಳಲು ಬರುವುದಿಲ್ಲ.

ಗಮ್‌ಬೂಟ್ ಹಾಕಿ ಗದ್ದೆಗೆ ಇಳಿಯಿರಿ ಅಂತ ಎಲ್ಲರೂ ಹೇಳುತ್ತಾರೆ. ಕೆಸರಿನಲ್ಲಿ ಗಮ್‌ಬೂಟ್ ಹಾಕಿ ನಡೆದು ನೋಡಲಿ ಅವರು. ಅದು ಆಗದಿದ್ದರೆ ಗಾಯಕ್ಕೆ ನೀರು ತಾಗದ ಪಟ್ಟಿ, ಹಿಮ್ಮಡಿ ಒಡೆಯದ ಹಾಗೆ ರಾತ್ರಿ ತೆಂಗಿನೆಣ್ಣೆ ಅಥವಾ ವ್ಯಾಸಲಿನ್, ಗದ್ದೆಯಿಂದ ಬಂದ ಕೂಡಲೇ ಸೋಪು ಹಾಕಿ ಸ್ನಾನ. ಇಷ್ಟಾದರೂ ಮಾಡಬಹುದು. ದಿನವಿಡೀ ಕೆಸರಲ್ಲೇ ಕೆಲಸ ಮಾಡುವವರಿಗೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಕೊಡುವ ಕ್ರಮವೂ ಇದೆ. ಅದು ಆರೋಗ್ಯ ಕೇಂದ್ರದ ಡಾಕ್ಟರನ್ನು ಕೇಳಿ ಮಾಡುವ ಕೆಲಸ.

ಇನ್ನು ಬರೀ ಜ್ವರ. ಮಂಗಳೂರಿಗೂ ಮಲೇರಿಯಾಕ್ಕೂ ಹಳೆಯ ನಂಟು. 1990ರ ದಶಕದಿಂದ ಕಟ್ಟಡಗಳು ಏಳುತ್ತಾ ಹೋದ ಹಾಗೆ ಸೊಳ್ಳೆಯೂ ಎದ್ದಿತು. ಹಾಗಾಗಿ ನಮ್ಮ ಕಡೆ ಮಳೆಗಾಲದ ಜ್ವರ ಅಂದರೆ ಮೊದಲು ರಕ್ತ ಪರೀಕ್ಷೆ, ಆಮೇಲೆ ಉಳಿದ ಚರ್ಚೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಲೇರಿಯಾ ಪರೀಕ್ಷೆ ಉಚಿತ. ವೈವಾಕ್ಸ್ ಅನ್ನುವ ಬಗೆಯ ಮಲೇರಿಯಾ ಅಂತ ಬಂದರೆ ಮನೆಯವರ ಕೆಲಸ ಶುರುವಾಗುವುದು ಜ್ವರ ಬಿಟ್ಟ ಮೇಲೆ. ಮೊದಲ ಮೂರು ದಿನದ ಮಾತ್ರೆಗೆ ಜ್ವರ ಇಳಿಯುತ್ತದೆ. ಆದರೆ ರೋಗಾಣು ಲಿವರಿನಲ್ಲಿ ಅಡಗಿ ಕೂತಿರುತ್ತದೆ. ಅದನ್ನು ಓಡಿಸಲು ಪ್ರೈಮಾಕ್ವಿನ್ 14 ದಿನ ತಿನ್ನಬೇಕು. ಐದನೇ ದಿನ "ಈಗ ಹುಷಾರಾಗಿದ್ದೇನೆ" ಅಂತ ಬಿಟ್ಟವರಿಗೆ ಕೆಲವು ತಿಂಗಳ ನಂತರ ಅದೇ ಚಳಿಜ್ವರ ಮತ್ತೆ ಬರಬಹುದು. ಗರ್ಭಿಣಿಯರಿಗೆ ಈ ಮಾತ್ರೆ ಕೊಡುವುದಿಲ್ಲ. ಆದ್ದರಿಂದ ಉಳಿದ ಮಾತ್ರೆಯನ್ನು ಡಬ್ಬಿಯಲ್ಲಿಟ್ಟು ಇನ್ನೊಬ್ಬರಿಗೆ ದಾನ ಮಾಡಬೇಡಿ.

ಡೆಂಗಿಯಲ್ಲಿ ನಾವು ಪ್ಲೇಟ್‌ಲೆಟ್ ಲೆಕ್ಕ ಹಾಕುವುದರಲ್ಲೇ ಮುಳುಗಿರುತ್ತೇವೆ. ಒಬ್ಬರು ಪಪ್ಪಾಯಿ ಎಲೆ ಅರೆಯುತ್ತಾರೆ, ಇನ್ನೊಬ್ಬರು ಕಿವಿ ಹಣ್ಣು ತರುತ್ತಾರೆ. ನೋಡಬೇಕಾದ್ದು ಬೇರೆ ಇದೆ. ಡೆಂಗಿಯಲ್ಲಿ ಅಪಾಯ ಬರುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೆ, ಮೂರರಿಂದ ಏಳನೇ ದಿನದ ಒಳಗೆ. "ಅಬ್ಬಾ, ಜ್ವರ ಬಿಟ್ಟಿತು" ಅಂತ ಮನೆಯವರು ಉಸಿರು ಬಿಡುವ ದಿನ ಅದು. ಆಗ ಹೊಟ್ಟೆ ಜೋರಾಗಿ ನೋಯುವುದು, ಮತ್ತೆ ಮತ್ತೆ ವಾಂತಿ, ಒಸಡು-ಮೂಗಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಮಂಪರು, ಮೂತ್ರ ಕಡಿಮೆಯಾಗುವುದು, ಇದರಲ್ಲಿ ಒಂದು ಕಂಡರೂ ರಾತ್ರಿ ಎಷ್ಟೇ ಹೊತ್ತಾಗಿರಲಿ ಹೊರಡಬೇಕು. ಮೈಕೈ ನೋವಿಗೆ ಅಂತ ಬ್ರೂಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಕೊಡಬೇಡಿ. ರಕ್ತಸ್ರಾವ ಹೆಚ್ಚಬಹುದು. ಹೃದಯಕ್ಕೆ ಅಂತ ದಿನಾ ಆಸ್ಪಿರಿನ್ ತಿನ್ನುವವರು ಅದನ್ನು ನಿಲ್ಲಿಸಬೇಕಾ ಅಂತ ಡಾಕ್ಟರನ್ನೇ ಕೇಳಲಿ.

ಪ್ಯಾರಾಸಿಟಮಾಲ್ ಸಾಕು. ಅದರಲ್ಲೂ ಒಂದು ಗೊಂದಲ ಇದೆ. ಗಲ್ಫಿನಿಂದ ಬಂದ ಪೆನಡಾಲ್, ಅಂಗಡಿಯ ಡೋಲೊ, ಮಕ್ಕಳ ಕ್ಯಾಲ್ಪಾಲ್ ಎಲ್ಲದರ ಒಳಗೂ ಇರುವುದು ಅದೇ ಪ್ಯಾರಾಸಿಟಮಾಲ್. ಹೆಚ್ಚಿನ ಶೀತದ ಮಾತ್ರೆಗಳಲ್ಲೂ ಅದು ಸೇರಿರುತ್ತದೆ. ದೊಡ್ಡವರಿಗೆ ದಿನಕ್ಕೆ ಎಲ್ಲಾ ಸೇರಿ 4 ಗ್ರಾಂ ದಾಟಬಾರದು. ಲಿವರ್ ತೊಂದರೆ ಇದ್ದವರಿಗೆ, ಕುಡಿಯುವವರಿಗೆ ಅದಕ್ಕಿಂತ ಕಡಿಮೆ. ಮಕ್ಕಳಿಗೆ ವಯಸ್ಸಲ್ಲ, ತೂಕ ನೋಡಿ ಕೊಡುವುದು.

ಸೊಳ್ಳೆ ವಿಷಯ ಎಲ್ಲರಿಗೂ ಬಾಯಿಪಾಠ ಆಗಿದೆ, ಆದರೆ ಗೆರಟೆ, ಅಂದರೆ ತೆಂಗಿನ ಚಿಪ್ಪು, ಮಾತ್ರ ಅಂಗಳದಲ್ಲೇ ಇರುತ್ತದೆ. ಗೆರಟೆ, ಬಿದ್ದ ಅಡಕೆ ಹಾಳೆ, ಕಟ್ಟಿಗೆಗೆ ಹೊದಿಸಿದ ಟರ್ಪಾಲಿನ ಮಡಿಕೆ, ರಬ್ಬರ್ ತೋಟದ ಚಿಪ್ಪು, ಫ್ರಿಜ್ಜಿನ ಹಿಂದಿನ ಟ್ರೇ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಆದ್ದರಿಂದ ಭಾನುವಾರಕ್ಕೊಮ್ಮೆ ಮಗುಚಿ ಹಾಕಿದರೆ ಕೆಲಸ ಆಯಿತು. 2024ರಲ್ಲಿ ಸರ್ಕಾರ ಇದಕ್ಕೆ ದಂಡವನ್ನೂ ತಂದಿತು. ದಂಡಕ್ಕೆ ಹೆದರಿ ಹಾಳೆ ಎತ್ತಿದವರನ್ನು ನಾನಂತೂ ನೋಡಿಲ್ಲ.

ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಬಹುದಾದ್ದು ಅಂದರೆ ಭೇದಿ. ಆದರೆ ಅದಕ್ಕೇ ನಾವು ಡ್ರಿಪ್ ಹಾಕಿಸಲು ಓಡುತ್ತೇವೆ. ಡ್ರಿಪ್ ಹಾಕಿದರೇ ಸಮಾಧಾನ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು ಸಲೈನ್ ಮುಗಿಯುತ್ತಾ ಬಂದಾಗ, ಡಾ. ದಿಲೀಪ್ ಮಹಲನಬಿಸ್ ಉಪ್ಪು-ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮಿನಲ್ಲಿ ತುಂಬಿಸಿ ಕುಡಿಸಿದರು. ಶೇಕಡಾ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಕಾಲರಾವನ್ನೇ ತಡೆದ ನೀರು ಅದು. ನಮ್ಮ ಮದುವೆಮನೆ ಊಟದ ಭೇದಿಗೆ ಸಾಕಾಗುವುದಿಲ್ಲವೇ?

ಅದೇ ಉಪ್ಪು-ಗ್ಲೂಕೋಸಿನ ಪುಡಿ ಈಗ ಓಆರ್‌ಎಸ್ ಅಂತ ಪ್ಯಾಕೆಟಿನಲ್ಲಿ ಸಿಗುತ್ತದೆ. ಪ್ಯಾಕೆಟಿನ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟೇ ನೀರಿಗೆ ಇಡೀ ಪ್ಯಾಕೆಟ್ ಹಾಕಿ. ದೊಡ್ಡ ಪ್ಯಾಕೆಟ್ ಆದರೆ ಒಂದು ಲೀಟರ್. ಅರ್ಧ ಲೋಟಕ್ಕೆ ಅಂದಾಜಿನಲ್ಲಿ ಸುರಿಯುವುದಲ್ಲ. ಪ್ಯಾಕೆಟ್ ಇಲ್ಲವಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಕೊಡಿ. ಕುಚ್ಚಲಕ್ಕಿ ಗಂಜಿತಿಳಿಗೆ ಚೂರು ಉಪ್ಪು ಹಾಕಿ ಕೊಟ್ಟರೂ ಒಳ್ಳೆಯದು. ಬೊಂಡ, ಅಂದರೆ ಎಳನೀರು, ಕುಡಿಯಿರಿ, ಆದರೆ ಅದು ಓಆರ್‌ಎಸ್‌ಗೆ ಬದಲಿ ಅಲ್ಲ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಕಿಡ್ನಿ ತೊಂದರೆ ಇದ್ದವರಿಗಂತೂ ಬೇಡ. ಡಬ್ಬಿಯಲ್ಲಿ ಬರುವ ಸಿಹಿ ಪಾನೀಯವನ್ನು ಓಆರ್‌ಎಸ್ ಅಂತ ನಂಬಿ ಎಷ್ಟು ಅಮ್ಮಂದಿರು ಕೊಟ್ಟಿಲ್ಲ! ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ಅಂಥ ಡಬ್ಬಿಗಳ ಮೇಲೆ ಆ ಹೆಸರು ಹಾಕಬಾರದು ಅಂತ ಆದೇಶಿಸಿತು. ಮಕ್ಕಳ ಭೇದಿಗೆ ಓಆರ್‌ಎಸ್ ಜೊತೆ ಜಿಂಕ್ ಮಾತ್ರೆಯನ್ನೂ 14 ದಿನ ಕೊಡುತ್ತಾರೆ, ಆರೋಗ್ಯ ಕೇಂದ್ರದಲ್ಲಿ ಕೇಳಿ. ಮಲದಲ್ಲಿ ರಕ್ತ ಕಂಡರೆ, ಮಗು ಕುಡಿಯಲು ಒಲ್ಲೆ ಅಂದರೆ, ಕಣ್ಣು ಒಳಗೆ ಹೋದರೆ ಅದು ಮನೆಯ ಕೆಲಸ ಅಲ್ಲ.

ಮಳೆಗಾಲದ ಹುಳಕಡ್ಡಿ ಬಗ್ಗೆ ಎರಡೇ ಮಾತು. ಕೇಳಿದ ಕೂಡಲೇ ಅಂಗಡಿಯಲ್ಲಿ ಕೊಡುವ ಮಿಕ್ಸ್ ಕ್ರೀಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಎರಡು ದಿನಕ್ಕೆ ತುರಿಕೆ ಮಾಯ, ತಿಂಗಳಿಗೆ ಹೊಟ್ಟೆ-ಬೆನ್ನೆಲ್ಲಾ ಹುಳಕಡ್ಡಿ. ಒದ್ದೆ ಜೀನ್ಸ್ ಬಿಟ್ಟು ತೆಳು ಹತ್ತಿ ಬಟ್ಟೆ ಹಾಕಿ, ಒಣಗದ ಒಳಬಟ್ಟೆಗೆ ಇಸ್ತ್ರಿ ಹಾಕಿ, ಟವೆಲ್ ಹಂಚಿಕೊಳ್ಳಬೇಡಿ.

ಬಿಪಿ ಇದ್ದವರಿಗೂ ಮಳೆಗಾಲ ಕಷ್ಟವೇ. ಜೂನ್ 1ರಿಂದ ಜುಲೈ 31ರ ತನಕ ಬೋಟು ಇಳಿಯುವುದಿಲ್ಲ. ತಾಜಾ ಮೀನಿನ ಜಾಗಕ್ಕೆ ಒಣಮೀನು, ಜೊತೆಗೆ ಉಪ್ಪಿನಲ್ಲಿ ಹಾಕಿಟ್ಟ ಹಲಸು, ಗಂಜಿಗೆ ಮಿಡಿ ಉಪ್ಪಿನಕಾಯಿ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತದೆ. ನಮ್ಮ ಆಟಿ ತಿಂಗಳ ಮಧ್ಯಾಹ್ನದ ಊಟದಲ್ಲೇ ಅದು ಮುಗಿದಿರುತ್ತದೋ ಏನೋ. ನನಗೆ ಒಣಮೀನಿನ ಚಟ್ನಿ ಬಿಡಲು ಮನಸ್ಸಿಲ್ಲ, ಬಿಡಿ ಅಂತ ನಿಮಗೂ ಹೇಳುವುದಿಲ್ಲ. ನೆನೆಹಾಕಿ ಎರಡು ನೀರಿನಲ್ಲಿ ತೊಳೆಯಿರಿ, ಅದೇ ದಿನ ಉಪ್ಪಿನಕಾಯಿ ಬೇಡ.

ಕೊನೆಗೆ, ದೂರದಲ್ಲಿರುವ ಮಕ್ಕಳಿಗೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇಬ್ಬರು ಹಿರಿಯರು ಮಾತ್ರ. ಮಗ ದುಬೈ, ಮಗಳು ಬೆಂಗಳೂರು. ಮಕ್ಕಳು ತಂದುಕೊಟ್ಟ ಬಿಪಿ ಮೆಷಿನ್ ಕಪಾಟಿನಲ್ಲಿ ಬಾಕ್ಸ್ ಸಮೇತ ಇರುತ್ತದೆ. ಅದನ್ನು ವಿಡಿಯೋ ಕಾಲ್‌ನಲ್ಲಿ ತೆಗೆಸಿ. ಐದು ನಿಮಿಷ ಸುಮ್ನೆ ಕೂತು, ಬೆನ್ನಿಗೆ ಆನಿಕೆ ಕೊಟ್ಟು, ಮಾತಾಡದೆ, ಎರಡು ಸಲ ನೋಡಿ ಬರೆದಿಡಲು ಹೇಳಿ. ಮನೆಯಲ್ಲಿ ನೋಡಿದ್ದು ಮತ್ತೆ ಮತ್ತೆ 135/85 ದಾಟಿದರೆ ಆ ಚೀಟಿ ಹಿಡಿದುಕೊಂಡು ಡಾಕ್ಟರಲ್ಲಿಗೆ ಹೋಗಲಿ. ಜ್ವರ ಅಂದಾಗ "ಮಾತ್ರೆ ತಗೊಂಡ್ರಾ" ಅಂತ ಕೇಳಿ ಫೋನ್ ಇಡಬೇಡಿ. ಅಪ್ಪ, ಥರ್ಮಾಮೀಟರಿನಲ್ಲಿ ಎಷ್ಟಿತ್ತು? ಬೆಳಿಗ್ಗೆಯಿಂದ ಎಷ್ಟು ಸಲ ಮೂತ್ರಕ್ಕೆ ಹೋದ್ರಿ? ಎದ್ದು ನಿಂತರೆ ತಲೆ ತಿರುಗುತ್ತದಾ? ಅಮ್ಮ, ಅವರ ಕಣ್ಣನ್ನೊಮ್ಮೆ ಬೆಳಕಿಗೆ ತೋರಿಸಿ. ರಾತ್ರಿ ಬರುವ ಆಟೋದವರ ನಂಬರು ಮತ್ತು 108, ಎರಡನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಲು ಹೇಳಿ. ಮುಂದಿನ ಸಲ ಊರಿಗೆ ಬಂದಾಗ ಪೆನಡಾಲ್ ಡಬ್ಬಿ ಕಡಿಮೆ ತಂದರೂ ಸಾಕು, ಅದೇ ಪ್ಯಾರಾಸಿಟಮಾಲ್ ಇಲ್ಲೂ ಸಿಗುತ್ತದೆ.