ಒಂದು ಬಕೆಟ್ ನೀರು, ಇಬ್ಬರಿಗೆ

ಮೇ ತಿಂಗಳಲ್ಲಿ ಶ್ರೀನಿವಾಸಪುರದ ಹತ್ತಿರ ನಡೆದ ಕ್ರೈಸ್ತ ಸಭೆಗಳ ಕ್ಯಾಂಪಿಗೆ ನಾನು ಮನಸ್ಸಿಲ್ಲದೆ ಹೋದವನು. ನರಸಾಪುರದಲ್ಲಿ ನೈಟ್ ಶಿಫ್ಟ್ ಮಾಡಿ ಮಾಡಿ ವಾರಗಟ್ಟಲೆ ನಿದ್ದೆ ಬಾಕಿ ಇತ್ತು. ಸಿಕ್ಕಿದ್ದು ಮೂರೇ ದಿನ ರಜೆ. ಗೆಳೆಯನೊಬ್ಬ, "ಬಾರೋ, ಬೈಬಲ್ ವಾಕ್ಯ ತಲೆಗೆ ಹೋಗದಿದ್ರೂ ಮಾವಿನಹಣ್ಣು ಹೊಟ್ಟೆಗೆ ಹೋಗುತ್ತೆ" ಅಂದ. ಶ್ರೀನಿವಾಸಪುರ ಅಂದರೆ ಮಾವು ಅಲ್ವಾ, ಅದೇ ಆಸೆಗೆ ಹೋದೆ. ಸುಳ್ಳು ಯಾಕೆ ಹೇಳಲಿ.

ನಾನು ಸಭೆಗೆ, ಅಂದರೆ ಚರ್ಚಿಗೆ, ಹೊಸಬನಲ್ಲ. ಹುಟ್ಟಿದ್ದೇ ಕೋಲಾರದ ಇಟಿಸಿಎಂ ಅನ್ನೋ ಮೆಥೋಡಿಸ್ಟ್ ಮಿಷನ್ ಆಸ್ಪತ್ರೆಯಲ್ಲಿ. ಸಂಡೇ ಸ್ಕೂಲ್, ಕ್ವಯರ್, ಕ್ರಿಸ್ಮಸ್ ನಾಟಕದಲ್ಲಿ ಟವೆಲ್ ಸುತ್ತಿಕೊಂಡು ಕುರುಬನ ಪಾರ್ಟು, ಎಲ್ಲ ಆಗಿದೆ. ಅಮ್ಮ ತೀರಿಕೊಂಡು ಎರಡು ವರ್ಷವಾಯಿತು. ಒಂದು ಸೈಟಿನ ವಿಷಯಕ್ಕೆ ಅಣ್ಣನ ಜೊತೆ ಮಾತು ಬಿಟ್ಟಿದೆ. ಈಗ ನಾನು ಹೋಗುವ ಸಭೆಯ ಬಾಗಿಲಲ್ಲಿ 'ನಾವೆಲ್ಲರೂ ಒಂದೇ ಕುಟುಂಬ' ಅಂತ ದೊಡ್ಡ ಬ್ಯಾನರ್ ಇದೆ. ಹೋದ ವರ್ಷ ಡೆಂಗಿ ಬಂದು ಮೂರು ಭಾನುವಾರ ನಾನು ಹೋಗಲಿಲ್ಲ. ನಾಲ್ಕನೇ ಭಾನುವಾರ ಹೋದರೆ, ಬಾಗಿಲಲ್ಲಿದ್ದವರು ಪ್ರೀತಿಯಿಂದ ಕೈ ಕುಲುಕಿ, "ಬ್ರದರ್ ಹೊಸಬರಾ?" ಅಂದರು.

ಅವರನ್ನೇ ಬೈದು ಏನು ಪ್ರಯೋಜನ. ನಾನೂ ಅಷ್ಟೇ. ನನ್ನ ಮುಂದಿನ ಬೆಂಚಿನವರ ಬೋಳುತಲೆ, ಅದರ ಮೇಲಿನ ಮಚ್ಚೆ ಸಮೇತ ನನಗೆ ಗೊತ್ತು. ಹೆಸರು ಗೊತ್ತಿಲ್ಲ.

ಕ್ಯಾಂಪ್ ಇದ್ದದ್ದು ಒಂದು ಶಾಲೆಯಲ್ಲಿ. ಸುಮಾರು ಅರವತ್ತು ಜನ. ಮೊದಲ ದಿನ ಸಾಯಂಕಾಲವೇ ಬೋರ್‌ವೆಲ್ ಮೋಟರ್ ಸುಟ್ಟುಹೋಯಿತು. ನಮ್ಮ ಜಿಲ್ಲೆಯಲ್ಲಿ ಬೇಸಿಗೆಯ ನೀರಿನ ಕತೆ ಬಿಡಿಸಿ ಹೇಳಬೇಕಿಲ್ಲ. ಟ್ಯಾಂಕರ್ ಬಂತು, ಜೊತೆಗೆ ಒಂದು ಕಾನೂನೂ ಬಂತು: ಇಬ್ಬರಿಗೆ ಒಂದು ಬಕೆಟ್. ನನ್ನ ಪಾಲುದಾರ ಬಂಗಾರಪೇಟೆ ಕಡೆಯ ಒಬ್ಬ ಪಿಯುಸಿ ಹುಡುಗ. ಮುಕ್ಕಾಲು ಬಕೆಟ್ ಅವನ ಕ್ರಾಪಿಗೇ ಹೋಯಿತು. ಬೆಳಿಗ್ಗೆ ಆರು ಗಂಟೆಗೆ ಟವೆಲ್ಲಿನಲ್ಲಿ ನಿಂತುಕೊಂಡು ನಾವಿಬ್ಬರೂ ಜಗಳ ಆಡಿದೆವು. ಮಾರನೇ ದಿನ ಅವನು ಒಂದೇ ಚೊಂಬಿನಲ್ಲಿ ಮುಖ ತೊಳೆದುಕೊಂಡು ಉಳಿದದ್ದನ್ನೆಲ್ಲ ನನಗೆ ಬಿಟ್ಟಿದ್ದ. ಬಾಯಲ್ಲಿ ಮಾತ್ರ ಏನೂ ಹೇಳಲಿಲ್ಲ, ಬಕೆಟ್ಟನ್ನು ಕಾಲಲ್ಲಿ ನನ್ನ ಕಡೆಗೆ ತಳ್ಳಿದ. ಅಣ್ಣನ ಜೊತೆ ಹೀಗೆ ಜಗಳ ಆಡಿ ಎಷ್ಟು ವರ್ಷ ಆಗಿತ್ತೋ.

ಪ್ರಸಂಗಗಳ, ಅಂದರೆ ಬೈಬಲ್ ಉಪದೇಶಗಳ, ಬಗ್ಗೆ ಜಾಸ್ತಿ ಹೇಳಲ್ಲ. ಉದ್ದ ಇದ್ದವು. ಮೈಕಂತೂ ಅರವತ್ತು ಜನಕ್ಕೆ ಬೇಕಾಗಿರಲಿಲ್ಲ.

ನನ್ನನ್ನು ಪಾತ್ರೆ ತೊಳೆಯಲು ಹಾಕಿದ್ದರು. ಜೊತೆಗೆ ಕೆಜಿಎಫ್‌ನ ಒಬ್ಬ ಅಜ್ಜಿ. ಅರ್ಧ ತಮಿಳು, ಅರ್ಧ ಕನ್ನಡ. ಸಾರಿನ ತಳ ಹತ್ತಿದ ಡಬರಿಯೊಳಕ್ಕೆ ಭುಜದವರೆಗೂ ಕೈ ಇಳಿಸಿ, ತೆಂಗಿನ ನಾರಿಗೆ ಬೂದಿ ಹಚ್ಚಿ ಉಜ್ಜುತ್ತಿದ್ದರು. ನಾನು ಸೋಪು ಹಾಕಿದರೆ, "ಸೋಪು ವೇಣಾಂ, ನೀರು ಜಾಸ್ತಿ ಕೇಳುತ್ತೆ" ಅಂತ ಕೈ ತಟ್ಟಿದರು. ಗಂಡ ಚಾಂಪಿಯನ್ ರೀಫ್ ಗಣಿಯಲ್ಲಿದ್ದವರಂತೆ. ಭೂಮಿಯೊಳಗೆ ಮೂರು ಕಿಲೋಮೀಟರ್‌ಗೂ ಆಳ ಇಳಿದಿದ್ದ ಗಣಿ ಅದು. ಕೆಳಗೆ ಬಂಡೆ ಸಿಡಿದರೆ ಮೇಲೆ ಮನೆಯಲ್ಲಿ ಪಾತ್ರೆ ಅಲುಗಾಡೋದಂತೆ. ಆಗ ಗಣಿ ಕಾರ್ಮಿಕರ ಸಾಲುಮನೆಗಳ, ಇಡೀ ಲೈನಿನ ಹೆಂಗಸರು ಒಲೆ ಹಾಗೇ ಬಿಟ್ಟು ಶಾಫ್ಟಿನ ಕಡೆ ಓಡೋರಂತೆ. "ನಿನ್ನ ಗಂಡ ಈವತ್ತು ಶಿಫ್ಟಿಗೇ ಹೋಗಿಲ್ಲವಲ್ಲೇ ಅಂದ್ರೂ ಓಡ್ತಿದ್ವಿ" ಅಂದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಮಕ್ಕಳು ರೈಲು ಹತ್ತಿ ಬೆಂಗಳೂರು ಸೇರಿದರು. ಅಜ್ಜಿ ಅದೇ ಲೈನ್ ಮನೆಯಲ್ಲಿ ಒಬ್ಬರೇ ಇದ್ದಾರೆ.

ಊಟಕ್ಕೆ ವರಾಂಡದಲ್ಲಿ ದುಂಡಗೆ ಕೂರುತ್ತಿದ್ದೆವು. ಮುದ್ದೆ, ಬಸ್ಸಾರು, ಆಮೇಲೆ ಒಂದೊಂದು ರಸಪುರಿ. ಮೆಥೋಡಿಸ್ಟರು, ಸಿಎಸ್‌ಐನವರು (ಚರ್ಚ್ ಆಫ್ ಸೌತ್ ಇಂಡಿಯಾ), ಪೆಂತೆಕೋಸ್ತರು, ಹೀಗೆ ಎಲ್ಲ ಪಂಗಡದವರ ಮೊಣಕೈಯಲ್ಲೂ ಅದೇ ರಸ ಸೋರುತ್ತಿತ್ತು. 1947ರಲ್ಲಿ ಹಲವು ಪಂಗಡಗಳು ಕೂಡಿ ಸಿಎಸ್‌ಐ ಹುಟ್ಟಿದಾಗ ಬ್ರಿಟಿಷ್ ಮೆಥೋಡಿಸ್ಟರಾದ ವೆಸ್ಲಿಯನ್ ಮಿಷನ್‌ನವರು ಸೇರಿದರು, ನಮ್ಮ ಕೋಲಾರದ ಅಮೆರಿಕನ್ ಮೆಥೋಡಿಸ್ಟರು ಸೇರಲಿಲ್ಲ. ಆ ಲೆಕ್ಕ ಇವತ್ತಿಗೂ ಮದುವೆ ಮಾತುಕತೆಯಲ್ಲಿ ಬರುತ್ತೆ. ಹಣ್ಣು ತಿನ್ನುವಾಗ ಯಾರೂ ಎತ್ತಲಿಲ್ಲ. ಎರಡನೇ ದಿನ ಎದುರಿಗೆ ಕೂತವರೊಬ್ಬರು, "ಬದನೇಕಾಯಿ ಪಕ್ಕಕ್ಕೆ ಎತ್ತಿಡ್ತೀಯಲ್ಲ, ಆಗಲ್ವಾ?" ಅಂತ ಕೇಳಿದರು. ನಾನು ಏನು ತಿನ್ನಲ್ಲ ಅಂತ ಗಮನಿಸಿದವರು ಅಮ್ಮ ಹೋದ ಮೇಲೆ ಅವರೇ ಮೊದಲು.

ಮಾರ್ಕನ ಸುವಾರ್ತೆಯ ಮೂರನೇ ಅಧ್ಯಾಯ ನೋಡಿ. ಯೇಸುವಿನ ತಾಯಿ, ತಮ್ಮಂದಿರು ಹೊರಗೆ ಕಾಯುತ್ತಿದ್ದಾರೆ. ಯೇಸು ತನ್ನ ಸುತ್ತಲೂ ಕೂತವರನ್ನು ನೋಡಿ, ಇವರೇ ನನ್ನ ತಾಯಿ, ಇವರೇ ನನ್ನ ತಮ್ಮಂದಿರು ಅನ್ನುತ್ತಾನೆ. ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. 'ಸುತ್ತಲೂ ಕೂತವರು' ಅನ್ನೋದು ಕಿವಿಗೆ ಬಿದ್ದಿರಲಿಲ್ಲ. ಸುತ್ತಲೂ ಕೂತರೆ ಮುಖ ಕಾಣುತ್ತೆ, ತಟ್ಟೆ ಕಾಣುತ್ತೆ. ನಮ್ಮ ಸಭೆಗಳಲ್ಲಿ ಆಶೀರ್ವಾದ ಆದ ಕೂಡಲೇ ಎಲ್ಲರಿಗೂ ಚಪ್ಪಲಿಯ ಚಿಂತೆ. ತಿಂಗಳಿಗೊಂದು ಭಾನುವಾರ ಪ್ರಸಂಗ ಅರ್ಧ ಗಂಟೆ ಕಮ್ಮಿ ಮಾಡಿ, ನಮಗೆ ಒಂದು ಮೂಟೆ ಈರುಳ್ಳಿ ಕೊಟ್ಟು ಸುಲಿಯೋಕೆ ಕೂರಿಸಿ ಅಂತ ನಮ್ಮ ಪಾಸ್ಟರ್ ಅಯ್ಯನವರಿಗೆ ಹೇಳಿದೆ. ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಕ್ಯಾಂಪಿನಲ್ಲಿ ಸಿಕ್ಕವರೆಲ್ಲ ಉಳಿದರು ಅಂತಲೂ ಅಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಈಗ ಬರೀ ಗುಡ್ ಮಾರ್ನಿಂಗ್ ಹೂವುಗಳು. ಆದರೆ ಶನಿವಾರ ರಾತ್ರಿ ಎಂಟಕ್ಕೆ ಅಜ್ಜಿಯ ಫೋನ್ ತಪ್ಪದೆ ಬರುತ್ತೆ. "ಸಾಪ್ಟಿಯಾಪ್ಪಾ?" ಊಟ ಆಯಿತಾ ಅಂತ. ಅದಕ್ಕಿಂತ ಹೆಚ್ಚು ಮಾತೇನೂ ಇರಲ್ಲ.

ಹೋದ ಶನಿವಾರ ಬರಲಿಲ್ಲ. ನಾನೇ ಮಾಡಿದರೆ ಸ್ವಿಚ್ ಆಫ್. ಭಾನುವಾರ ಬೆಳಿಗ್ಗೆ ಆರಾಧನೆಗೆ ಅಂತ ಇಸ್ತ್ರಿ ಮಾಡಿದ್ದ ಶರ್ಟನ್ನೇ ಹಾಕಿಕೊಂಡು ಕೆಜಿಎಫ್ ಬಸ್ ಹತ್ತಿದೆ. ಬಾಗಿಲು ತೆಗೆದಿತ್ತು. ಚಾರ್ಜರ್ ಕೆಟ್ಟಿತ್ತಂತೆ, ಅಷ್ಟೇ. ನನ್ನನ್ನು ನೋಡಿ ಒಂದು ನಿಮಿಷ ಸುಮ್ನೆ ನಿಂತರು. ಆಮೇಲೆ ಆರಾಧನೆ ತಪ್ಪಿಸಿ ಬಂದೆ ಅಂತ ಚೆನ್ನಾಗಿ ಬೈದು, ಒಳಗೆ ಹೋಗಿ ತಟ್ಟೆ ತಂದರು.