ಬಸುರಿಗೆ ಕ್ಯಾನ್ಸರ್ ಅಂದ ಕೂಡಲೇ ಮಗುವಿನ ಆಸೆ ಬಿಡಬೇಕಾ?

ಬಸುರಿ ಹೆಂಗಸಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾದರೆ ಮನೆಯಲ್ಲಿ ಎರಡು ಮಾತು ಶುರುವಾಗುತ್ತವೆ. ‘ಮಗು ತೆಗೆಸಿಬಿಡಿ’ ಅಂತ ಒಬ್ಬರು. ‘ಹೆರಿಗೆ ಆಗೋವರೆಗೂ ಕೀಮೋ ಬೇಡ, ಮಗುವಿನ ಹಾರ್ಟ್ ಹಾಳಾಗುತ್ತೆ’ ಅಂತ ಇನ್ನೊಬ್ಬರು. ಇಬ್ಬರದ್ದೂ ಭಯದ ಮಾತೇ. ಆ ಭಯಕ್ಕೆ ಉತ್ತರ ಸಿಕ್ಕಿ ಹತ್ತು ವರ್ಷ ದಾಟಿದರೂ ನಮ್ಮ ಮನೆಗಳಿಗೆ ತಲುಪಿಲ್ಲವಲ್ಲ ಅನ್ನೋದೇ ನನ್ನ ಸಂಕಟ.

ಭಯ ಸುಮ್ನೆ ಹುಟ್ಟಿದ್ದಲ್ಲ. ಸ್ತನ ಕ್ಯಾನ್ಸರ್‌ಗೆ ಕೊಡುವ ಡಾಕ್ಸೊರುಬಿಸಿನ್ ಕೆಂಪು ಬಣ್ಣದ ಕೀಮೋ ಔಷಧಿ. ನರ್ಸ್ ಪಕ್ಕದಲ್ಲೇ ನಿಂತು ಸಿರಿಂಜಿನಿಂದ ನಿಧಾನವಾಗಿ ನರಕ್ಕೆ ಬಿಡುತ್ತಾರೆ. ಆಮೇಲೆ ಒಂದೆರಡು ದಿನ ಮೂತ್ರವೂ ಕೆಂಪಗೆ ಹೋಗುತ್ತದೆ. ಒಟ್ಟು ಡೋಸ್ ಜಾಸ್ತಿಯಾದರೆ ದೊಡ್ಡವರ ಹೃದಯವನ್ನೇ ದುರ್ಬಲ ಮಾಡಬಲ್ಲದು. ಅದಕ್ಕೇ ಕೀಮೋಗೆ ಮೊದಲು ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸುವುದು. ಹಾಗಾದರೆ ಹೊಟ್ಟೆಯಲ್ಲಿರುವ ಕೂಸಿನ ಗತಿ ಏನು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ?

ಬೆಲ್ಜಿಯಂನ ವೈದ್ಯ ಫ್ರೆಡೆರಿಕ್ ಅಮಾಂಟ್ ಮತ್ತು ಜೊತೆಗಾರರು ಇದನ್ನೇ ಪರೀಕ್ಷಿಸಿ ನೋಡಿದರು. 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅದು ಪ್ರಕಟವಾಯಿತು. ಬಸುರಿಯಾಗಿದ್ದಾಗ ಕ್ಯಾನ್ಸರ್ ಬಂದ ತಾಯಂದಿರ 129 ಮಕ್ಕಳನ್ನು ಅಷ್ಟೇ ಜನ ಬೇರೆ ಮಕ್ಕಳ ಜೊತೆ ಹೋಲಿಸಿದ್ದರು. 96 ಮಕ್ಕಳ ತಾಯಂದಿರು ಬಸಿರಿನಲ್ಲೇ ಕೀಮೋ ತೆಗೆದುಕೊಂಡಿದ್ದರು. ಮೂರು ವರ್ಷದ ಹೊತ್ತಿಗೆ 47 ಮಕ್ಕಳ ಹೃದಯ ಪರೀಕ್ಷೆ ಆಯಿತು. ತೊಂದರೆ ಕಾಣಲಿಲ್ಲ.

ಕಾರಣವೂ ಇದೆ. ಮಗುವಿನ ಹೃದಯ ರೂಪುಗೊಳ್ಳುವುದು ಮೊದಲ ಮೂರು ತಿಂಗಳೊಳಗೆ. ಆ ಹೊತ್ತಿನಲ್ಲಿ ಕೀಮೋ ಕೊಡುವುದಿಲ್ಲ. ಬೇಕಾದರೆ ಆಪರೇಷನ್ ಮಾಡುತ್ತಾರೆ. ಆಮೇಲೆ ಕೊಟ್ಟರೂ ಈ ಕೆಂಪು ಔಷಧಿಯಲ್ಲಿ ಸ್ವಲ್ಪ ಭಾಗವನ್ನಷ್ಟೇ ಮಾಸು ಮಗುವಿನ ಕಡೆ ಬಿಡುತ್ತದೆ. ಎಲ್ಲ ಔಷಧಿಗೂ ಈ ಮಾತು ಸಲ್ಲದು. ಕೆಲವು ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ರಾಸ್ಟುಜುಮ್ಯಾಬ್ ಅನ್ನುವ ಇನ್ನೊಂದು ಔಷಧಿ ಗರ್ಭದ ನೀರನ್ನು ಕಡಿಮೆ ಮಾಡುತ್ತದೆ, ಹಾಗಾಗಿ ಅದನ್ನು ಹೆರಿಗೆಯಾದ ಮೇಲೆಯೇ ಕೊಡುವುದು.

ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು ಅಂಶ. ಆ 129 ಮಕ್ಕಳಲ್ಲಿ ನೂರಕ್ಕೆ 61ರಷ್ಟು ಮಕ್ಕಳು ದಿನ ತುಂಬುವ ಮೊದಲೇ ಹುಟ್ಟಿದ್ದರು. ಬುದ್ಧಿ ಬೆಳವಣಿಗೆಯ ಅಂಕಗಳು ಎಷ್ಟು ವಾರಕ್ಕೆ ಹುಟ್ಟಿದರು ಅನ್ನುವುದರ ಮೇಲೆ ನಿಂತಿದ್ದವು. ‘ಬೇಗ ಹೆರಿಗೆ ಮಾಡಿಸಿ, ಆಮೇಲೆ ಕೀಮೋ’ ಅಂತ ಅವಸರ ಮಾಡುತ್ತೇವಲ್ಲ, ಮಗುವಿಗೆ ಪೆಟ್ಟು ಬೀಳುವುದು ಅಲ್ಲೇ.

47 ಮಕ್ಕಳು ಅಂದರೆ ಸಣ್ಣ ಸಂಖ್ಯೆ, ಒಪ್ಪುತ್ತೇನೆ. ಇಂಥ ಮಕ್ಕಳಿಗೆ ದೊಡ್ಡವರಾಗುವವರೆಗೂ ಆಗಾಗ ಎಕೋ ಆಗಬೇಕು. ನಮ್ಮಲ್ಲಂತೂ ಸ್ತನ ಕ್ಯಾನ್ಸರ್ ಪಾಶ್ಚಾತ್ಯ ದೇಶಗಳಿಗಿಂತ ಚಿಕ್ಕ ವಯಸ್ಸಿಗೇ ಕಾಣಿಸಿಕೊಳ್ಳುತ್ತಿದೆ. ಹಾಗಾಗಿ ಕ್ಯಾನ್ಸರ್ ಡಾಕ್ಟರು, ಹೆರಿಗೆ ಡಾಕ್ಟರು, ಮಕ್ಕಳ ಡಾಕ್ಟರು ಮೂವರೂ ಒಟ್ಟಿಗೆ ಕೂತು ಆ ಹೆಣ್ಣುಮಗಳ ಜೊತೆ ಮಾತಾಡಬೇಕು. ತೆಗೆಸಬೇಕೋ ಉಳಿಸಿಕೊಳ್ಳಬೇಕೋ ಅಂತ ಅತ್ತೆ, ಗಂಡ, ನೆಂಟರು ತೀರ್ಮಾನ ಮಾಡುವ ಮೊದಲೇ.