ಸತ್ಯಾಂಶ: ಜೇನ್ನೊಣಗಳಿಗೆ ಸಕ್ಕರೆ ನೀರು ಇಡಬೇಕೇ?

'ಕೈತೋಟದಲ್ಲಿ ಚಮಚದಷ್ಟು ಸಕ್ಕರೆ ನೀರಿಡಿ, ಜೇನ್ನೊಣಗಳು ಉಳಿಯುತ್ತವೆ' ಎಂಬ ಸಂದೇಶ ಬಿಬಿಸಿಯ ವನ್ಯಜೀವಿ ಸಾಕ್ಷ್ಯಚಿತ್ರಗಳ ನಿರೂಪಕ ಡೇವಿಡ್ ಅಟೆನ್‌ಬರೋ ಹೆಸರಿನಲ್ಲಿ ಹರಿದಾಡುತ್ತದೆ. ಅದು ಅವರ ಮಾತಲ್ಲ. 2018ರಲ್ಲಿ ಅವರ ಹೆಸರಿನ ನಕಲಿ ಫೇಸ್‌ಬುಕ್ ಪುಟವೊಂದು ಅದನ್ನು ಹಾಕಿತ್ತು. ಪುಟ ನಕಲಿಯೆಂದು ಬಿಬಿಸಿಯೇ ಸ್ಪಷ್ಟಪಡಿಸಿತು.

ಸಕ್ಕರೆಯಿಂದ ಹಾರಲು ಶಕ್ತಿ ಸಿಗುತ್ತದೆ, ಅಷ್ಟೇ. ಮರಿಹುಳುಗಳು ಬೆಳೆಯಲು ಪರಾಗದ ಪ್ರೋಟೀನು ಬೇಕು. ಹೂವಿನಿಂದ ಎದ್ದ ನೊಣದ ಹಿಂಗಾಲು ಗಮನಿಸಿ, ಎಷ್ಟೋ ಸಲ ಪರಾಗದ ಹಳದಿ ಉಂಡೆಯೊಂದು ಅಂಟಿರುತ್ತದೆ. ಆ ಬುತ್ತಿ ತಟ್ಟೆಯಲ್ಲಿ ಸಿಗದು. ಮೇಲಾಗಿ, ಬೇರೆ ಬೇರೆ ಗೂಡಿನ ನೊಣಗಳು ಒಂದೇ ತಟ್ಟೆಗೆ ಮುತ್ತಿದರೆ ರೋಗ ಹರಡಬಹುದು. ಜೇನುತುಪ್ಪವನ್ನಂತೂ ಇಡಲೇಬೇಡಿ, ಮರಿಹುಳುಗಳನ್ನು ಕೊಲ್ಲುವ ಬ್ಯಾಕ್ಟೀರಿಯಾದ ಬೀಜಾಣುಗಳು ಅದರಲ್ಲಿರಬಹುದು.

ನೆಲದ ಮೇಲೆ ಸುಸ್ತಾಗಿ ಕೂತ ನೊಣವನ್ನು ಹತ್ತಿರದ ಹೂವಿಗೆ ದಾಟಿಸಿ. ಸುತ್ತ ಹೂವೇ ಇಲ್ಲದಿದ್ದರೆ ಮಾತ್ರ ಒಂದು ಹನಿ ಸಕ್ಕರೆ ನೀರು ಸಾಕು.

ನಿಜವಾದ ನೆರವು ಗಿಡಗಳದ್ದು. ಒಂದರ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ನೆಡಿ. ಒಂದೇ ಸುತ್ತು ದಳದ ಹೂಗಳಿರಲಿ; ಕಣ್ಣಿಗೆ ಚೆಂದದ ದಟ್ಟದಳದ ತಳಿಗಳಲ್ಲಿ ಪರಾಗ ಕಡಿಮೆ, ಕೆಲವದರಲ್ಲಿ ಇಲ್ಲವೇ ಇಲ್ಲ. ಕೀಟನಾಶಕ ಬೇಡ. ಒಂಟಿಯಾಗಿ ಬಾಳುವ ಜೇನ್ನೊಣಗಳಲ್ಲಿ ಹೆಚ್ಚಿನ ಜಾತಿಗಳು ಮಣ್ಣಿನಲ್ಲೇ ಬಿಲ ತೋಡುತ್ತವೆ. ಬಿಸಿಲು ಬೀಳುವ ಕಡೆ ಸ್ವಲ್ಪ ನೆಲವನ್ನು ಅಗೆಯದೆ, ಮುಚ್ಚದೆ ಬಿಡಿ.